ಧಾರಾವಾಹಿಯಲ್ಲಿ ಮನೆ ಮಾಲೀಕರು

ಗೀಟಣ್ಣ ಎಂದು ಅವನಿಗೆ ಹೆಸರಿಟ್ಟವರು ಬೀದಿಯವರು. ಹೆತ್ತವರು ಇಟ್ಟ ಹೆಸರೂ ಒಂದಿತ್ತು. ಅದು ವಾರವಾರವೂ ಪತ್ರಿಕೆಯಲ್ಲಿ, ಚಿತ್ರದ ಬಲಗಡೆಯ ಕೆಳಮೂಲೆಯಲ್ಲಿ, ಇರುವೆಯೂ ಬಗ್ಗಿ ನೋಡಬೇಕಾದಷ್ಟು ಸಣ್ಣಗೆ ಅಚ್ಚಾಗುತ್ತಿತ್ತು. ಓದಿದವರು ಯಾರೂ ಇರಲಿಲ್ಲ. ಬೀದಿಯವರ ಕಣ್ಣಿಗೆ ಬಿದ್ದದ್ದು ಇಷ್ಟು: ಈ ಮನುಷ್ಯ ಬೆಳಗ್ಗೆ ಬಸ್ಸು ಹಿಡಿಯುವುದಿಲ್ಲ, ಅಂಗಡಿ ತೆರೆಯುವುದಿಲ್ಲ, ಮನೆಯಲ್ಲೇ ಕೂತು ಗೀಟು ಎಳೆಯುತ್ತಾನೆ. ಎಲ್ಲಿ ಕೆಲಸ ಎಂದು ಕೇಳಿದರೆ "ಎಲ್ಲಾ ಕಡೆ" ಎನ್ನುತ್ತಿದ್ದ. ಸುಳ್ಳಲ್ಲ. ಮೂರು ಪತ್ರಿಕೆಗಳಿಗೆ ಚಿತ್ರ ಬರೆಯುತ್ತಿದ್ದ. ಮೂರರಲ್ಲೂ ಅವನಿಗೆಂದು ಒಂದು ಕುರ್ಚಿ ಇರಲಿಲ್ಲ.

ಕುರ್ಚಿ ಇಲ್ಲದಿದ್ದರೂ ಸಿದ್ಧಾಂತಗಳಿದ್ದವು, ಎರಡು. ಮೊದಲನೆಯದು, ಚಿತ್ರಗಾರ ಕಥೆ ಓದಬಾರದು. ಓದಿದರೆ ಕೈ ತನ್ನ ಬುದ್ಧಿ ಬಿಟ್ಟು ಕಥೆಗಾರನ ಹಿಂದೆ ಓಡುತ್ತದೆ ಎಂದು ಅವನ ವಾದ. ಓದಲು ಸೋಮಾರಿತನ ಎಂದು ಹೆಂಡತಿಯ ವಾದ. ಎರಡನೆಯದು, ಒಂದು ಮುಖಕ್ಕೆ ಮೂವರು. ಮುಖವನ್ನು ತಲೆಯಿಂದ ಹುಟ್ಟಿಸುವುದು ಅವನಿಂದ ಆಗದು, ಕಂಡ ಮುಖವನ್ನೇ ಬರೆಯಬೇಕು. ಆದರೆ ಒಬ್ಬರದನ್ನೇ ಇಡಿಯಾಗಿ ಎತ್ತಿಕೊಂಡರೆ ಅದು ಕಳ್ಳತನ. ಹಾಗಾಗಿ ಕ್ಷೌರದಂಗಡಿಯವನ ಮೂಗಿಗೆ ದರ್ಜಿಯ ಗಲ್ಲ ಸೇರಿಸಿ, ಮೇಲೆ ತನ್ನ ಅತ್ತೆಯ ಹುಬ್ಬು ಕೂರಿಸಿ ಒಬ್ಬ ಪೊಲೀಸ್ ಅಧಿಕಾರಿಯನ್ನು ಮಾಡುತ್ತಿದ್ದ. ಹತ್ತು ವರ್ಷದಲ್ಲಿ ಒಬ್ಬರೂ ತಮ್ಮ ಸಾಮಾನನ್ನು ಗುರುತಿಸಿರಲಿಲ್ಲ. ಅತ್ತೆ ಮಾತ್ರ ಒಂದು ಸಲ ಆ ಅಧಿಕಾರಿಯನ್ನು ನೋಡಿ, ಇವನ ನೋಟ ಯಾಕೋ ಸರಿಯಿಲ್ಲ ಎಂದಿದ್ದರು.

ಗೀಟಣ್ಣನಿಗೆ ತನ್ನ ಕೈಯ ಮೇಲೆ ಎಳ್ಳಷ್ಟೂ ಸಂಶಯವಿರಲಿಲ್ಲ. ಕೊರತೆ ಇದ್ದದ್ದು ಬೆಳಕಿಗೆ. ನೆಲಮಹಡಿಯ ಆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಇದ್ದದ್ದು ಒಂದೇ ಕಿಟಕಿ, ಅದನ್ನು ತೆರೆದರೆ ಪಕ್ಕದ ಮನೆಯ ಗೋಡೆ ಕೈಗೆ ಸಿಗುತ್ತಿತ್ತು. ಕೆಲಸವೆಲ್ಲ ಊಟದ ಮೇಜಿನ ಮೇಲೆ, ಬಲ್ಬಿನ ಕೆಳಗೆ. ಮೇಜಿನ ಅರ್ಧ ಅವನದು, ಉಳಿದ ಅರ್ಧದಲ್ಲಿ ಹೆಂಡತಿ ತರಕಾರಿ ಹೆಚ್ಚುತ್ತಿದ್ದಳು. ಒಂದು ಸಲ ಒಲೆಯ ಕಡೆಯಿಂದ ಎಣ್ಣೆಯ ಹನಿಯೊಂದು ಹಾರಿ ನಾಯಕಿಯ ಕೆನ್ನೆಯ ಮೇಲೆ ಕೂತಿತು. ಒರೆಸಲು ಹೋದರೆ ಮಸಿ ಕಲೆತು ಇನ್ನೂ ಕಪ್ಪಾಯಿತು. ಹೊತ್ತಾಗಿತ್ತು, ಹಾಗೆಯೇ ಕೊಟ್ಟುಬಂದ. ಅಚ್ಚಿನಲ್ಲಿ ಅದು ಮಚ್ಚೆಯಾಗಿ ಕಂಡಿತು. ಆ ವಾರದ ಕಂತಿನಲ್ಲಿ ನಾಯಕಿಯ ಕಳೆದುಹೋಗಿದ್ದ ತಂದೆ ಮಗಳನ್ನು ಗುರುತಿಸಿದ್ದು ಕೆನ್ನೆಯ ಆ ಮಚ್ಚೆಯಿಂದಲೇ.

ಇದು ಪವಾಡವಲ್ಲ, ಪತ್ರಿಕೆಯ ಪದ್ಧತಿ. ಧಾರಾವಾಹಿ ಬರೆಯುವ ಕಾದಂಬರಿಕಾರರು ಹುಟ್ಟಿದಾಗಿನಿಂದ ಯಾವುದನ್ನೂ ಹೊತ್ತಿಗೆ ಸರಿಯಾಗಿ ಕೊಟ್ಟವರಲ್ಲ. ಸಂಪಾದಕರು ಅವರಿಗೆ ಫೋನ್ ಮಾಡಿ ಈ ವಾರ ಏನಾಗುತ್ತದೆ ಎಂದು ಕೇಳುವುದು, ಅವರು ಮಲಗಿದಲ್ಲಿಂದಲೇ ಎರಡು ಸಾಲು ಹೇಳುವುದು, ಸಂಪಾದಕರು ಆ ಎರಡು ಸಾಲನ್ನು ಗೀಟಣ್ಣನಿಗೆ ದಾಟಿಸುವುದು. ಚಿತ್ರ ಬಂದು ಅಚ್ಚಿಗೆ ಹೋದ ಮೇಲೆ ಅದರ ಒಂದು ಪ್ರತಿಯನ್ನು ಕಾದಂಬರಿಕಾರರ ಮುಂದಿಡುತ್ತಿದ್ದರು. ಅವರು ಅದನ್ನು ನೋಡಿಕೊಂಡು, ಅದಕ್ಕೆ ತಕ್ಕ ಹಾಗೆ ಬರೆದು ಮುಗಿಸುತ್ತಿದ್ದರು. ಚಿತ್ರ ಕಥೆಗೆ ಎಷ್ಟು ಚೆನ್ನಾಗಿ ಹೊಂದುತ್ತದೆ ಎಂದು ಓದುಗರು ಮೆಚ್ಚಿ ಕಾಗದ ಬರೆಯುತ್ತಿದ್ದರು.

ಬೆಳಕು ಇದ್ದದ್ದು ತಾರಸಿಯ ಮೇಲಿನ ಕೋಣೆಯಲ್ಲಿ. ಅದಕ್ಕೆ ಉತ್ತರಕ್ಕೆ ಮುಖ ಮಾಡಿದ, ಗೋಡೆಯಷ್ಟೇ ಅಗಲದ ಕಿಟಕಿ. ಉತ್ತರದ ಬೆಳಕು ಬೆಳಗ್ಗೆಯಿಂದ ಸಂಜೆವರೆಗೂ ಒಂದೇ ಸಮನಾಗಿರುತ್ತದೆ, ನೆರಳು ಕೂತಲ್ಲಿಂದ ಏಳುವುದಿಲ್ಲ. ಚಿತ್ರಗಾರನಿಗೆ ಅದಕ್ಕಿಂತ ದೊಡ್ಡ ಆಸ್ತಿ ಬೇರೆ ಬೇಡ. ಆ ಕೋಣೆಗೆ ಬೀಗ ಹಾಕಿತ್ತು. ಬೀಗದ ಕೈ ಮಹಡಿಯ ಮೇಲಿದ್ದ ಮಾಲೀಕರ ಹತ್ತಿರ. ಗೀಟಣ್ಣ ಮೂರು ವರ್ಷದಿಂದ ಕೇಳುತ್ತಿದ್ದ, ಮಾಲೀಕರು ಮೂರು ವರ್ಷದಿಂದ "ಅಲ್ಲಿ ಸಾಮಾನಿದೆ" ಎನ್ನುತ್ತಿದ್ದರು. ಬಾಗಿಲ ಸಂದಿಯಿಂದ ಇಣುಕಿದರೆ ಕಾಣುತ್ತಿದ್ದ ಸಾಮಾನು: ಮೂರು ಕಾಲಿನ ಒಂದು ಕುರ್ಚಿ, ಹಳೆಯ ಪೇಪರ್ ಕಟ್ಟು, ಮುಚ್ಚಳವಿಲ್ಲದ ಡ್ರಮ್ಮು.

ಮಾಲೀಕರು ಮದುವೆಯಾಗದೆ ಉಳಿದ ಒಂಟಿ ಜೀವ. ಮೂವತ್ತೆರಡು ವರ್ಷ ಒಂದು ಸರ್ಕಾರಿ ಕಚೇರಿಯ ನೆಲಮಾಳಿಗೆಯ ದಾಖಲೆ ಕೋಣೆಯಲ್ಲಿ ಫೈಲು ಕೊಟ್ಟು, ಫೈಲು ಇಸಕೊಂಡು ನಿವೃತ್ತರಾದವರು. ಅಗಲವಾದ ಮೈ, ನುಣ್ಣಗೆ ಬೋಳಿಸಿದ ಮುಖ, ಕಡಿಮೆ ಮಾತು. ಹತ್ತಿರದ ಅಕ್ಷರ ಕಣ್ಣಿಗೆ ಹತ್ತುತ್ತಿರಲಿಲ್ಲ, ಆದರೆ ಕನ್ನಡಕ ಬೇಡವೆನ್ನುತ್ತಿದ್ದರು. ತಮ್ಮ ಕಣ್ಣಿಗೇನೂ ಆಗಿಲ್ಲ, ಕಾಗದ ಉಳಿಸೋಕೆ ಈಗಿನವರು ಅಕ್ಷರವನ್ನೇ ಸಣ್ಣ ಮಾಡಿಬಿಟ್ಟಿದ್ದಾರೆ ಎಂದು ಅವರ ದೂರು.

ಮೋಡ ಕವಿದ ಒಂದು ಸಂಜೆ ನಾಲ್ಕು ಗಂಟೆಗೆ ಸಂಪಾದಕರ ಫೋನ್ ಬಂತು. ಹೊಸ ಧಾರಾವಾಹಿ, ಮೊದಲ ಕಂತು, ಆರು ಗಂಟೆಗೆ ಚಿತ್ರ ಕೈಗೆ ಬರಬೇಕು. ಐವತ್ತು ದಾಟಿದ ಒಬ್ಬ ಗೌರವಸ್ಥ, ಕೈಯಲ್ಲಿ ದೀಪ, ಮೆಟ್ಟಿಲು ಇಳಿಯುತ್ತಿದ್ದಾನೆ. ಅಷ್ಟೇ. ಯಾಕೆ ಇಳಿಯುತ್ತಿದ್ದಾನೆ ಎಂದು ಗೀಟಣ್ಣ ಕೇಳಲಿಲ್ಲ. ಕೇಳುವುದು ಮೊದಲನೆಯ ಸಿದ್ಧಾಂತಕ್ಕೆ ವಿರೋಧ. "ನಾನು ನೋಡ್ಕೋತೀನಿ ಸಾರ್" ಎಂದು ಫೋನ್ ಇಟ್ಟ. ಇಟ್ಟ ಗಳಿಗೆಯಲ್ಲೇ ಕರೆಂಟು ಹೋಯಿತು.

ಕಗ್ಗತ್ತಲ ಮೇಜಿನ ಮುಂದೆ, ಕೈಯಲ್ಲಿ ಪೆನ್ಸಿಲು ಹಿಡಿದು, ತೆರೆದ ಬಾಗಿಲಿನಿಂದ ಮೆಟ್ಟಿಲ ಕಡೆ ನೋಡುತ್ತ ಕೂತ. ಮೆಟ್ಟಿಲಿನ ಮೇಲೆ ಬೆಳಕು ಕಂಡಿತು. ಐವತ್ತು ದಾಟಿದ ಒಬ್ಬ ಗೌರವಸ್ಥರು, ಕೈಯಲ್ಲಿ ದೀಪ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದು ಬರುತ್ತಿದ್ದರು. ಮಾಲೀಕರು ಫ್ಯೂಸ್ ನೋಡಲು ಬರುತ್ತಿದ್ದರು. ದೀಪದ ಬೆಳಕು ಕೆಳಗಿನಿಂದ ಬಿದ್ದು, ಮೂವತ್ತೆರಡು ವರ್ಷ ಯಾರೂ ತಿರುಗಿ ನೋಡದ ಆ ಮುಖ ಅರಮನೆಯ ಗೋಡೆಗೆ ತೂಗುಹಾಕಬಹುದಾದ ಮುಖವಾಗಿತ್ತು. ಗೀಟಣ್ಣನ ಎರಡನೆಯ ಸಿದ್ಧಾಂತ ಅಲ್ಲಿಯೇ ಮುರಿದು ಬಿತ್ತು. ಮೂಗು, ಗಲ್ಲ, ಹುಬ್ಬು, ಎಲ್ಲವನ್ನೂ ಒಬ್ಬರಿಂದಲೇ ಇಡಿಯಾಗಿ ಎತ್ತಿ ಕಾಗದಕ್ಕೆ ಇಳಿಸಿ, ಆರು ಗಂಟೆಗೆ ಐದು ನಿಮಿಷ ಇರುವಾಗ ಕೊಟ್ಟುಬಂದ.

ಗುರುವಾರ ಪತ್ರಿಕೆ ಬಂತು. ಮಾಲೀಕರು ಕ್ಷೌರದಂಗಡಿಯಲ್ಲಿ ಅರ್ಧ ಮುಖಕ್ಕೆ ಸೋಪು ಹಚ್ಚಿಸಿಕೊಂಡು ಕೂತಿದ್ದಾಗ, ಎದುರಿನ ಬೆಂಚಿನವನು ಒಮ್ಮೆ ಪುಟವನ್ನೂ ಒಮ್ಮೆ ಅವರನ್ನೂ ನೋಡಲು ಶುರುಮಾಡಿದನಂತೆ. ಉಳಿದ ಅರ್ಧ ಮುಖವನ್ನು ಬೋಳಿಸಿಕೊಳ್ಳದೆ ಅವರು ನೆಟ್ಟಗೆ ಗೀಟಣ್ಣನ ಬಾಗಿಲಿಗೆ ಬಂದರು. ಕಿವಿಯ ಕೆಳಗೆ ಸೋಪು ಇನ್ನೂ ಒಣಗಿರಲಿಲ್ಲ. ಪುಟವನ್ನು ತೋಳಿನಷ್ಟು ದೂರ ಹಿಡಿದು, "ಇದು ನಾನಲ್ವಾ?" ಎಂದರು.

ಅಲ್ಲವೆನ್ನಲು ಜಾಗವಿರಲಿಲ್ಲ. ಎಡಗಿವಿಯ ಮೇಲಿನ ಗೀರು ಕೂಡ ಚಿತ್ರದಲ್ಲಿ ಬಂದಿತ್ತು. ಬೈಗುಳ ಬರುವ ಮುಂಚೆಯೇ ಗೀಟಣ್ಣ ಬಾಯಿಗೆ ಬಂದದ್ದನ್ನು ಹೇಳಿದ: ಕಥೆಗೊಂದು ತೂಕದ ಮುಖ ಬೇಕಾಗಿತ್ತು, ಊರೆಲ್ಲ ಹುಡುಕಿದರೂ ಸಿಗಲಿಲ್ಲ. ಕಥೆಯಲ್ಲಿ ಇವನು ಯಾರು ಎಂದು ಮಾಲೀಕರು ಕೇಳಿದರು. "ಮನೆಗೇ ಹಿರಿಯರು ಸಾರ್. ಇಡೀ ಕಥೆ ನಿಂತಿರೋದೇ ಅವರ ಮೇಲೆ" ಎಂದ ಗೀಟಣ್ಣ. ಕಥೆಯ ಒಂದು ಅಕ್ಷರ ಓದದೆ ಹೇಳಿದ ಆ ಮಾತು ನೂರಕ್ಕೆ ನೂರು ನಿಜವಾಯಿತು ಎಂಬುದೇ ಮುಂದಿನ ಕಷ್ಟಕ್ಕೆಲ್ಲ ಮೂಲ.

ಮಾಲೀಕರು ಪುಟವನ್ನು ಮಡಚಿಕೊಂಡು ಮೇಲೆ ಹೋದರು. ಸಂಜೆಯ ಹೊತ್ತಿಗೆ ತಾರಸಿಯ ಕೋಣೆಯಿಂದ ಡ್ರಮ್ಮು ಉರುಳುವ ಸದ್ದು ಕೇಳಿಸಿತು. ಮಾರನೆಯ ಬೆಳಗ್ಗೆ ಬೀಗದ ಕೈ ತಂದು ಊಟದ ಮೇಜಿನ ಮೇಲೆ, ಅವನ ಅರ್ಧದಲ್ಲಿ ಇಟ್ಟರು. ಗೀಟಣ್ಣ ಹಲಗೆ, ಮಸಿ, ಬ್ರಶ್ಶು ಹೊತ್ತು ಮೇಲೆ ಹೋಗಿ ಕಿಟಕಿ ತೆಗೆದ. ಬೆಳಕು ಒಳಗೆ ಬಂದು ಕಾಗದದ ಮೇಲೆ ಸಮನಾಗಿ ಕೂತಿತು. ಅವನಿಗೆ ನಿಜವಾಗಿ ಕಣ್ಣು ತುಂಬಿ ಬಂತು, ಯಾರೂ ಇಲ್ಲವೆಂದು ಒರೆಸಿಕೊಂಡ.

ಎರಡು ವಾರ ಸ್ವರ್ಗ. ಮೂರನೆಯ ಗುರುವಾರ ಮೇಲಿಂದ ಇಳಿದು ಬಂದಾಗ ಹೆಂಡತಿ ಪತ್ರಿಕೆ ಓದುತ್ತ ಕೂತಿದ್ದಳು. ಆ ಮನೆಯಲ್ಲಿ ಅಕ್ಷರ ಓದುವವಳು ಅವಳೊಬ್ಬಳೇ. ತಲೆ ಎತ್ತದೆ ಹೇಳಿದಳು:

"ರೀ, ನಮ್ಮ ಮಾಲೀಕರು ಅಣ್ಣನಿಗೆ ವಿಷ ಹಾಕಿದ್ರು."

ಗೀಟಣ್ಣ ಬ್ರಶ್ಶು ತೊಳೆಯುತ್ತಿದ್ದ. ಯಾವಾಗ ಎಂದು ಕೇಳಿದ.

"ಈ ವಾರ. ಔಷಧಿ ಲೋಟದಲ್ಲಿ. ಅವತ್ತು ದೀಪ ಹಿಡ್ಕೊಂಡು ಮೆಟ್ಟಿಲಿಳಿದಿದ್ದು ಅದಕ್ಕೇ ಅಂತೆ."

ಗೀಟಣ್ಣ ಮೇಜಿನ ಮುಂದೆ ಕೂತ. ಅವನು ಬರೆದ ಮೂರನೆಯ ಚಿತ್ರದಲ್ಲಿ ಗೌರವಸ್ಥರು ಹಾಸಿಗೆಯ ಪಕ್ಕ ನಿಂತು ಲೋಟ ಚಾಚುತ್ತಿದ್ದರು, ಮುಖದಲ್ಲಿ ಕರುಣೆ ಉಕ್ಕುತ್ತಿತ್ತು. ಅದನ್ನು ನೋಡಿಕೊಂಡೇ ಕಾದಂಬರಿಕಾರರು, ಇಂಥ ಕರುಣೆಯ ಮುಖವಾಡ ಹೊತ್ತ ಪಾಪಿಯನ್ನು ಜಗತ್ತು ಕಂಡಿರಲಿಲ್ಲ ಎಂದು ಬರೆದಿದ್ದರು. ಹೆಂಡತಿ ಆ ಸಾಲನ್ನು ಎರಡು ಸಲ ಓದಿ ಹೇಳಿದಳು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದಾಯಿತು. ಮಾಲೀಕರು ಕೈಯಲ್ಲಿ ಪತ್ರಿಕೆ ಹಿಡಿದು ಬಂದು ನಿಂತು, ಚಿತ್ರವನ್ನು ದೂರದಿಂದ ಕಣ್ತುಂಬ ನೋಡಿ, ಈ ವಾರ ತಾವು ಏನು ಮಾಡಿದೆವು ಎಂದು ವಿಚಾರಿಸಿದರು. ಗೀಟಣ್ಣ ಎದ್ದು ನಿಂತ. "ಅಣ್ಣನಿಗೆ ಔಷಧಿ ಕುಡಿಸಿದ್ರಿ ಸಾರ್" ಎಂದ. ಮಾಲೀಕರು ತೃಪ್ತಿಯಿಂದ ತಲೆದೂಗಿದರು. ಹೆಂಡತಿ ಒಲೆಯ ಕಡೆ ತಿರುಗಿ ನಿಂತಳು, ಬಹಳ ಹೊತ್ತು ಈ ಕಡೆ ತಿರುಗಲಿಲ್ಲ.

ಅಂದಿನಿಂದ ಗುರುವಾರ ಬಂತೆಂದರೆ ಗೀಟಣ್ಣ ಮೊದಲು ಹೆಂಡತಿಯಿಂದ ಕಥೆ ಕೇಳುವುದು, ಆಮೇಲೆ ಅದರಲ್ಲಿ ಒಂದು ಸುಳ್ಳೂ ಸೇರದ ಹಾಗೆ ಮಾಲೀಕರಿಗೆ ವರದಿ ಒಪ್ಪಿಸುವುದು. ಅವರು ವಕೀಲನನ್ನು ಬೆದರಿಸಿ ಉಯಿಲು ತಿದ್ದಿಸಿದ ವಾರ, "ವಕೀಲರನ್ನ ಮನೆಗೇ ಕರೆಸಿ ಮಾತಾಡಿದ್ರಿ" ಎಂದ. ಅಣ್ಣನ ಮಗಳನ್ನು ದೂರದ ಪಾಳು ಮನೆಯಲ್ಲಿ ಕೂಡಿಹಾಕಿದ ವಾರ, "ಆ ಹುಡುಗಿಗೆ ಬೇರೆ ಊರಲ್ಲಿ ವಸತಿ ಮಾಡಿಕೊಟ್ರಿ" ಎಂದ. ಮಾಲೀಕರು, ಊಟಕ್ಕೇನು ಮಾಡಿದ್ದೇವೆ ಎಂದು ಕಳಕಳಿಯಿಂದ ಕೇಳಿದರು. ಅಲ್ಲಿಗೇ ಹೋಗುತ್ತದೆ, ಬಾಗಿಲ ಕೆಳಗಿನಿಂದ ಎಂದು ಬಾಯಿಗೆ ಬಂದದ್ದರಲ್ಲಿ ಅರ್ಧವನ್ನು ಗೀಟಣ್ಣ ನುಂಗಿಕೊಂಡ.

ಹೀಗೆ ಎಷ್ಟು ದಿನ ನಡೆದೀತು? ಓದಿದವನೊಬ್ಬ ಬೀದಿಯಲ್ಲಿ ಬಾಯಿ ಬಿಟ್ಟರೆ ಕಿಟಕಿ ಹೋಯಿತು. ಆದರೆ ಗೀಟಣ್ಣ ಕೈ ಚೆಲ್ಲಿ ಕೂರುವವನಲ್ಲ, ಅವನಿಗೊಂದು ಉಪಾಯ ಹೊಳೆಯಿತು. ಚಿತ್ರದ ಮುಖವನ್ನು ವಾರಕ್ಕೆ ಒಂದಿಷ್ಟರಂತೆ ಬದಲಾಯಿಸಿ, ಕೊನೆಗೆ ಅದು ಮಾಲೀಕರದ್ದೇ ಅಲ್ಲವೆನ್ನಿಸಿಬಿಡುವುದು. ಮೊದಲ ಹೆಜ್ಜೆಯಾಗಿ ಮುಂದಿನ ಚಿತ್ರದಲ್ಲಿ ಮೂಗಿನ ಕೆಳಗೆ ದಟ್ಟವಾದ ಮೀಸೆ ಕೂರಿಸಿದ.

ಗುರುವಾರ ಮಾಲೀಕರು ಚಿತ್ರವನ್ನು ಎಂದಿಗಿಂತ ಹೆಚ್ಚು ಹೊತ್ತು ನೋಡಿದರು. ಶುಕ್ರವಾರದಿಂದ ಕ್ಷೌರದಂಗಡಿಗೆ ಹೋಗುವುದು ನಿಲ್ಲಿಸಿದರು. ಮೂರು ವಾರದಲ್ಲಿ ಅವರ ಮೂಗಿನ ಕೆಳಗೆ, ಚಿತ್ರದಲ್ಲಿದ್ದಷ್ಟೇ ದಟ್ಟವಾಗಿ, ತುದಿಯ ತಿರುವೂ ತಪ್ಪದೆ ಮೀಸೆ ಬಂತು. ಚಿತ್ರಗಾರನಿಗೆ ಎಲ್ಲಿ ಏನು ಹೊಂದುತ್ತದೆ ಎಂದು ಗೊತ್ತಿರುತ್ತದೆ, ತಮಗೆ ಇಷ್ಟು ವರ್ಷ ಹೊಳೆದಿರಲಿಲ್ಲ ಎಂದು ಗೀಟಣ್ಣನ ಬೆನ್ನು ತಟ್ಟಿದರು. ಅತ್ತ ಕಾದಂಬರಿಕಾರರ ಮುಂದೆಯೂ ಅದೇ ಚಿತ್ರ ಇತ್ತು. ಪೊಲೀಸರ ಕಣ್ಣು ತಪ್ಪಿಸಲು ಆ ದುರುಳ ಮೀಸೆ ಬೆಳೆಸಿದ ಎಂದು ಅವರು ಬರೆದರು.

ಗೀಟಣ್ಣ ಧೃತಿಗೆಡಲಿಲ್ಲ. ಕೈಗೆ ಒಂದು ಊರುಗೋಲು ಕೊಟ್ಟು, ನಿಲುವನ್ನೇ ಬದಲಿಸಿದ. ಗಟ್ಟಿಮುಟ್ಟಾದ ಕಾಲಿದ್ದ ಮಾಲೀಕರು ಮಾರನೆಯ ದಿನವೇ ಬಡಗಿಯ ಹತ್ತಿರ ಹೋಗಿ, ಪುಟ ತೋರಿಸಿ, ಅದೇ ಹಿಡಿಕೆಯ ಕೋಲು ಮಾಡಿಸಿಕೊಂಡು ಬಂದರು. ಕಾದಂಬರಿಕಾರರು ಕೋಲಿನ ಒಳಗೆ ಚೂರಿ ಅಡಗಿಸಿದರು. ಬೀದಿಯಲ್ಲಿ ಆ ಕೋಲು ಟಕ್ ಟಕ್ ಎಂದರೆ ಪತ್ರಿಕೆ ಓದುವ ಮನೆಗಳ ಕಿಟಕಿ ಮುಚ್ಚಿಕೊಳ್ಳತೊಡಗಿದವು. ತರಕಾರಿ ಗಾಡಿಯವನು ಕೇಳದೆಯೇ ಒಳ್ಳೆಯದನ್ನು ಆರಿಸಿಕೊಡುತ್ತಾನೆ ಎಂದು ಮಾಲೀಕರು ಆಶ್ಚರ್ಯಪಟ್ಟರು.

ಮೂರನೆಯ ಹೆಜ್ಜೆಯೇ ಗೀಟಣ್ಣನ ಮಹಾ ತಪ್ಪು. ಕಣ್ಣು ಮುಚ್ಚಿಹೋದರೆ ಮುಖವೇ ಬೇರೆಯಾಗುತ್ತದೆ ಎಂದು ಲೆಕ್ಕ ಹಾಕಿ, ದಪ್ಪ ಚೌಕಟ್ಟಿನ ಒಂದು ಕನ್ನಡಕ ಬರೆದ. ಕಚೇರಿಗೆ ಕೊಟ್ಟುಬಂದು, ಮನೆಯಲ್ಲಿ ಉಳಿದ ಕರಡನ್ನು ದೂರ ಹಿಡಿದು ನೋಡಿ, ಇನ್ನು ಇವನನ್ನು ಹೆತ್ತ ತಾಯಿಯೂ ಗುರುತಿಸಲಾರಳು ಎಂದು ಹೆಂಡತಿಗೆ ಹೇಳಿದ. ಅವಳು ಚಿತ್ರ ನೋಡಿದಳು, ಗಂಡನನ್ನು ನೋಡಿದಳು.

"ಅವರೂ ಕನ್ನಡಕ ಹಾಕಿಸ್ಕೋತಾರೆ."

"ಹಾಕಿಸ್ಕೊಳ್ಳಲಿ ಬಿಡು."

"ಹಾಕಿಸ್ಕೊಂಡ್ರೆ ಅಕ್ಷರ ಕಾಣುತ್ತಲ್ಲ ರೀ."

ಗೀಟಣ್ಣ ಪತ್ರಿಕೆಯ ಕಚೇರಿಗೆ ಓಡಿದ. ಚಿತ್ರ ಆಗಲೇ ಅಚ್ಚಿಗೆ ಹೋಗಿತ್ತು.

ಮಾಲೀಕರು ಆ ವಾರವೇ ಕನ್ನಡಕದ ಅಂಗಡಿಗೆ ಹೋದರು. ಎಷ್ಟೋ ವರ್ಷದಿಂದ ಬೇಡವೆನ್ನುತ್ತಿದ್ದವರು ಪುಟದ ಮೇಲೆ ಬೆರಳಿಟ್ಟು ಇದೇ ಬೇಕು ಎಂದರು. ಗಾಜಿಗೆ ಎಷ್ಟು ನಂಬರ್ ಎಂದು ಅಂಗಡಿಯವನು ಕಣ್ಣು ಪರೀಕ್ಷೆ ಮಾಡಿ, ಇಷ್ಟು ದಿನ ಇವರು ಅನ್ನದಲ್ಲಿನ ಕಲ್ಲು ನುಂಗದೆ ಉಳಿದದ್ದೇ ದೊಡ್ಡದು ಎಂದನಂತೆ. ಕನ್ನಡಕ ಬಂದ ದಿನ ಅವರು ನೇರ ಪಿಂಚಣಿ ಕಚೇರಿಗೆ ಹೋದರು. ವರ್ಷಕ್ಕೊಮ್ಮೆ ಅಲ್ಲಿಗೆ ಹೋಗಿ, ತಾವಿನ್ನೂ ಬದುಕಿದ್ದೇವೆ ಎಂದು ಸಹಿ ಹಾಕಿ ಬರಬೇಕು.

ಅಲ್ಲಿ ನಡೆದದ್ದನ್ನು ಅವರೇ ಸಂಜೆ ತಾರಸಿಯ ಕೋಣೆಗೆ ಬಂದು ಗೀಟಣ್ಣನಿಗೆ ಹೇಳಿದರು. ಅಧಿಕಾರಿ ಹಳೆಯ ಫೋಟೋ ನೋಡಿದ, ಇವರನ್ನು ನೋಡಿದ. ಫೋಟೋದಲ್ಲಿ ಮೀಸೆಯಿಲ್ಲ, ಕನ್ನಡಕವಿಲ್ಲ, ಕೋಲಿಲ್ಲ; ನೀವು ಅವರೇ ಎಂಬುದಕ್ಕೆ ಪುರಾವೆ ಬೇಕು ಎಂದ. ಪುರಾವೆಯೆಂದು ಇವರು ಜೇಬಿನಿಂದ ಪತ್ರಿಕೆ ತೆಗೆದು ಪುಟ ಬಿಡಿಸಿ ಮುಂದಿಟ್ಟರು. ಆ ಕಚೇರಿಯಲ್ಲಿ ಒಂದೇ ಪ್ರತಿಯನ್ನು ಹನ್ನೊಂದು ಜನ ಸರದಿಯ ಮೇಲೆ ಓದುತ್ತಿದ್ದರು. ಅಧಿಕಾರಿ ಎದ್ದು ನಿಂತ. ಹಿಂದಿನ ಮೇಜಿನ ಗುಮಾಸ್ತ ಕೋಲಿನ ಮೇಲೆ ಕಣ್ಣಿಟ್ಟು ಗೋಡೆಗೆ ಸರಿದ. ಸಾಲಿನಲ್ಲಿದ್ದವರು ದಾರಿ ಬಿಟ್ಟರು. ಇವರು ಬದುಕಿದ್ದಾರೆ ಎಂಬ ಪತ್ರಕ್ಕೆ ಎರಡು ನಿಮಿಷದಲ್ಲಿ ಮೂರು ಕಡೆ ಮುದ್ರೆ ಬಿತ್ತು. ಹೊರಡುವಾಗ ಅಧಿಕಾರಿ ಮೆಲ್ಲಗೆ, ಆ ಹುಡುಗಿಯನ್ನು ಎಲ್ಲಿ ಬಚ್ಚಿಟ್ಟಿದ್ದೀರಿ ಎಂದು ಕೇಳಿದನಂತೆ. ಬೇರೆ ಊರಿನಲ್ಲಿ ವಸತಿ ಮಾಡಿಕೊಟ್ಟಿದ್ದೇನೆ, ಊಟವೂ ಅಲ್ಲಿಗೇ ಹೋಗುತ್ತದೆ ಎಂದು ಇವರು ಹೆಮ್ಮೆಯಿಂದಲೇ ಹೇಳಿ ಬಂದಿದ್ದರು.

"ಬಚ್ಚಿಟ್ಟಿದ್ದೀರಿ ಅಂತ ಯಾಕೆ ಅಂದ ಅನ್ನೋದೊಂದು ಗೊತ್ತಾಗ್ಲಿಲ್ಲ" ಎಂದರು ಮಾಲೀಕರು. ಮೂಲೆಯಲ್ಲಿ ಗೀಟಣ್ಣ ಜೋಡಿಸಿಟ್ಟಿದ್ದ ಪತ್ರಿಕೆಗಳನ್ನು ಕಂಕುಳಿಗೆ ಸೇರಿಸಿಕೊಂಡು, ಕನ್ನಡಕವನ್ನು ಮೂಗಿನ ಮೇಲೆ ಒತ್ತಿದರು. "ಈಗ ಇದು ಇದೆಯಲ್ಲ, ನೋಡೋಣ."

ಎರಡು ದಿನ ಮಹಡಿಯಿಂದ ಸದ್ದಿಲ್ಲ. ಕೋಲಿನ ಟಕ್ ಟಕ್ ಇಲ್ಲ, ನೀರು ಬಿಡುವ ಶಬ್ದವಿಲ್ಲ. ಗೀಟಣ್ಣ ಬ್ರಶ್ಶುಗಳನ್ನು ಬಟ್ಟೆಯಲ್ಲಿ ಸುತ್ತಿಟ್ಟ. ಹೆಂಡತಿ ಕೇಳದೆಯೇ ಮೇಜಿನ ಅವನ ಅರ್ಧವನ್ನು ಒರೆಸಿ ಖಾಲಿ ಮಾಡಿದಳು. ಅದೇ ಹೊತ್ತಿಗೆ ಸಂಪಾದಕರು ಫೋನ್ ಮಾಡಿ, ಧಾರಾವಾಹಿ ಮುಂದಿನ ವಾರಕ್ಕೆ ಮುಗಿಯುತ್ತದೆ, ಕೊನೆಯ ಚಿತ್ರ ದೊಡ್ಡದಾಗಿ ಬರಬೇಕು ಎಂದರು: ಪಾಪಿ ಅದೇ ಮೆಟ್ಟಿಲಿನ ಮೇಲೆ ಮಂಡಿಯೂರಿ, ಪೊಲೀಸ್ ಅಧಿಕಾರಿಯ ಕಾಲು ಹಿಡಿದು, ಬಿಕ್ಕಿಬಿಕ್ಕಿ ಅಳುತ್ತಿದ್ದಾನೆ. ಗೀಟಣ್ಣ ಅಭ್ಯಾಸಬಲದಿಂದ ತಾನು ನೋಡಿಕೊಳ್ಳುವುದಾಗಿ ಹೇಳಿದ.

ಮೂರನೆಯ ದಿನ ಮೇಲಿಂದ ಕರೆ ಬಂತು. ಮಾಲೀಕರು ತಾರಸಿಯ ಕೋಣೆಯಲ್ಲಿ ಕಿಟಕಿಯ ಪಕ್ಕ ನಿಂತಿದ್ದರು. ಹದಿಮೂರು ಸಂಚಿಕೆಗಳು ಹಲಗೆಯ ಮೇಲೆ ಫೈಲುಗಳ ಹಾಗೆ ಅಂಚಿಗೆ ಅಂಚು ಸೇರಿ ಕೂತಿದ್ದವು. ಗೀಟಣ್ಣ ಬೀಗದ ಕೈಯನ್ನು ಜೇಬಿನಿಂದ ತೆಗೆದು ಅದರ ಮೇಲಿಟ್ಟ. ಕ್ಷಮೆ ಕೇಳಲು ಬಾಯಿ ತೆರೆದ, ಮಾಲೀಕರು ಕೈ ಎತ್ತಿ ತಡೆದರು.

"ಮೂವತ್ತೆರಡು ವರ್ಷ ಫೈಲು ಕೊಟ್ಟೆ ಕಣಪ್ಪಾ. ಬಂದವರು ಫೈಲು ನೋಡೋರು, ಮುಖ ಯಾರೂ ನೋಡ್ಲಿಲ್ಲ. ಮೊನ್ನೆ ಆ ಅಧಿಕಾರಿ ನನ್ನ ನೋಡಿ ಎದ್ದು ನಿಂತ. ಕೆಟ್ಟವನು ಅಂತ ಎದ್ದನೋ, ಒಳ್ಳೆಯವನು ಅಂತ ಎದ್ದನೋ, ಎದ್ದನಲ್ಲ."

ಗೀಟಣ್ಣನಿಗೆ ನಾಚಿಕೆಯಾಯಿತು. ಹದಿಮೂರು ವಾರ ಆ ಮುಖದ ಒಂದೊಂದು ಗೆರೆಯನ್ನೂ ತಿದ್ದಿ ತೀಡಿದ್ದ, ಒಳಗೆ ಒಬ್ಬ ಮನುಷ್ಯ ಕೂತಿದ್ದಾನೆಂದು ಒಮ್ಮೆಯೂ ಅವನಿಗೆ ಅನ್ನಿಸಿರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಕಿಟಕಿ ಮಾತ್ರ.

ಮಾಲೀಕರಿಗೆ ಒಂದೇ ಚಿಂತೆ ಇತ್ತು. ಕಥೆ ಮುಗಿಯುವ ಹಾಗೆ ಕಾಣುತ್ತದೆ, ತಾವು ಸಿಕ್ಕಿಬೀಳುವುದು ಖಂಡಿತ. ಮಾಡಿದ್ದು ತಪ್ಪು, ಸಿಕ್ಕಿಬೀಳಲಿ. "ಆದ್ರೆ ನಾನು ಅಳಬಾರ್ದು. ಯಾರ ಕಾಲಿಗೂ ಬೀಳಬಾರ್ದು. ಅಷ್ಟು ಮಾಡಿಕೊಡು, ಈ ಕೋಣೆ ನಿನ್ನದೇ. ನಾನೇನಾದ್ರೂ ಅತ್ತುಬಿಟ್ರೆ ಡ್ರಮ್ಮು ವಾಪಸ್ ಬರುತ್ತೆ."

ಸಂಪಾದಕರಿಗೆ ಹೇಳಿದ ಮಾತು ಒಂದು ಕಡೆ, ಇದು ಒಂದು ಕಡೆ. ಕಾಲು ಹಿಡಿಸದಿದ್ದರೆ ಪತ್ರಿಕೆ ಹೋಗುತ್ತದೆ, ಹಿಡಿಸಿದರೆ ಕಿಟಕಿ. ಗೀಟಣ್ಣ ಮಾಲೀಕರ ಮೀಸೆಯನ್ನು, ಕನ್ನಡಕವನ್ನು, ಕೋಲನ್ನು ನೋಡಿದ. ಎಲ್ಲ ತನ್ನದೇ ಕೆಲಸ. "ನಾನು ನೋಡ್ಕೋತೀನಿ ಸಾರ್" ಎಂದ, ಈ ಸಲ ಅರ್ಥ ತಿಳಿದು.

ಆ ಮಧ್ಯಾಹ್ನ ಅವನು ತನ್ನ ಜೀವಮಾನದಲ್ಲಿ ಮಾಡದಿದ್ದ ಕೆಲಸ ಮಾಡಿದ. ಉತ್ತರದ ಬೆಳಕಿನಲ್ಲಿ ಕೂತು ಹದಿಮೂರು ಕಂತನ್ನೂ ಮೊದಲಿನಿಂದ ಓದಿದ. ಆಮೇಲೆ ಹಲಗೆ ಎಳೆದುಕೊಂಡ. ಅದೇ ಮೆಟ್ಟಿಲು. ಪಾಪಿ ಮೇಲಿನ ಮೆಟ್ಟಿಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ನಿಂತಿದ್ದಾನೆ, ಒಂದು ಕೈಯಲ್ಲಿ ದೀಪ. ಎರಡು ಮೆಟ್ಟಿಲು ಕೆಳಗೆ ಪೊಲೀಸ್ ಅಧಿಕಾರಿ, ಕ್ಷೌರದವನ ಮೂಗು, ದರ್ಜಿಯ ಗಲ್ಲ, ಅತ್ತೆಯ ಹುಬ್ಬು ಸಮೇತ, ತಲೆ ಎತ್ತಿ ನೋಡುತ್ತ ಕೈಕೋಳ ಹಾಕುವುದನ್ನೇ ಮರೆತಿದ್ದಾನೆ.

ಬೇಕೆಂದೇ ತಡಮಾಡಿ, ಅಚ್ಚಿನ ಯಂತ್ರ ಕಾಯುತ್ತಿರುವಾಗ ಹೋಗಿ ಕೊಟ್ಟ. ಸಂಪಾದಕರು ಚಿತ್ರವನ್ನು ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿದರು.

"ಅಳ್ತಿರೋದು ಎಲ್ರೀ?"

"ಒಳಗೊಳಗೇ ಅಳ್ತಿದಾನೆ ಸಾರ್."

ಬೇರೆ ಬರೆಸಲು ಹೊತ್ತೆಲ್ಲಿದೆ? ಇದೇ ಕೊನೆ, ಇನ್ನು ಈ ಕಚೇರಿಯ ಮೆಟ್ಟಿಲು ಹತ್ತಬೇಡಿ ಎಂದು ಹೇಳಿ ಸಂಪಾದಕರು ಚಿತ್ರವನ್ನು ಒಳಗೆ ಕಳಿಸಿದರು.

ಗುರುವಾರ ಮೂವರೂ ಮೆಟ್ಟಿಲಿನ ಮೇಲೆಯೇ ಕೂತರು. ಮಾಲೀಕರು ಕನ್ನಡಕವಿದ್ದರೂ ಪತ್ರಿಕೆಯನ್ನು ಗೀಟಣ್ಣನ ಹೆಂಡತಿಗೇ ಕೊಟ್ಟರು. ಹೆಂಡತಿ ಗಟ್ಟಿಯಾಗಿ ಓದಿದಳು. ಕಾದಂಬರಿಕಾರರು ತಮ್ಮ ಮುಂದಿದ್ದ ಚಿತ್ರವನ್ನು ನೋಡಿಕೊಂಡು ಪ್ರಾಮಾಣಿಕವಾಗಿ ಬರೆದಿದ್ದರು: ಆ ನೆಟ್ಟಗಿನ ನಿಲುವಿನ ಮುಂದೆ ಅಧಿಕಾರಿಯ ಕೈ ಮೇಲೇಳಲಿಲ್ಲ. ಪಾಪಿ ಒಮ್ಮೆ ನಕ್ಕು ದೀಪ ಆರಿಸಿದ. ಮತ್ತೆ ಬೆಳಕಾದಾಗ ಮೆಟ್ಟಿಲು ಬರಿದಾಗಿತ್ತು.

ಮಾಲೀಕರು ಕೆಳಗಿನ ಬರಿ ಮೆಟ್ಟಿಲುಗಳನ್ನು ನೋಡಿದರು. "ತಪ್ಪಿಸ್ಕೊಂಡೆ" ಎಂದರು ಆಮೇಲೆ, ತಮಗೆ ತಾವೇ.

ನಾಲ್ಕು ದಿನದಲ್ಲಿ ಪತ್ರಿಕೆಗೆ ಚೀಲಗಟ್ಟಲೆ ಕಾಗದ ಬಂತು. ಅವನು ಎಲ್ಲಿಗೆ ಹೋದ ಎಂದು ಎಲ್ಲರ ಪ್ರಶ್ನೆ. ಸಂಪಾದಕರು ಬೆಣ್ಣೆಯಂಥ ದನಿಯಲ್ಲಿ ಫೋನ್ ಮಾಡಿ, ಧಾರಾವಾಹಿ ಇನ್ನೂ ಇಪ್ಪತ್ತು ವಾರ ನಡೆಯುತ್ತದೆ, ಪಾಪಿಯ ಮುಖ ಗೀಟಣ್ಣನ ಕೈಯಿಂದಲೇ ಬರಬೇಕು, ಬೇರೆಯವರಿಗೆ ಕೊಡುವ ಮಾತೇ ಇಲ್ಲ ಎಂದರು. ಗೀಟಣ್ಣ ಅದನ್ನು ಹೇಳಲು ಮಹಡಿಗೆ ಹೋದಾಗ ಮಾಲೀಕರು ಕನ್ನಡಿಯ ಮುಂದೆ ಮೀಸೆ ತೀಡುತ್ತಿದ್ದರು. ಇಪ್ಪತ್ತು ವಾರ ಎಂದು ಕೇಳಿ, ಜವಾಬ್ದಾರಿಯ ಕೆಲಸ ಎಂದು ಗಂಭೀರವಾಗಿ ಒಪ್ಪಿಕೊಂಡರು.

ಮಾರನೆಯ ಬೆಳಗ್ಗೆ ಒಂಬತ್ತಕ್ಕೆ ಅವರು ತಾರಸಿಯ ಕೋಣೆಗೆ ಬಂದರು. ಕೈಯಲ್ಲಿ ಮೂರು ಕಾಲಿನ ಕುರ್ಚಿ ಇತ್ತು, ಬಡಗಿ ನಾಲ್ಕನೆಯ ಕಾಲು ಹಾಕಿಕೊಟ್ಟಿದ್ದ. ಯಾವಾಗ ಯಾವ ಭಂಗಿ ಬೇಕಾಗುತ್ತದೋ, ಮನೆಯಲ್ಲೇ ಇರುವಾಗ ಊಹೆಯಿಂದ ಯಾಕೆ ಬರೆಯಬೇಕು ಎಂದು ಹೇಳಿ, ಕುರ್ಚಿಯನ್ನು ಕಿಟಕಿಯ ಮುಂದೆ ಹಾಕಿ, ಕೋಲಿನ ಮೇಲೆ ಎರಡೂ ಕೈ ಊರಿ, ಬೆನ್ನು ನೆಟ್ಟಗೆ ಮಾಡಿ ಕೂತರು. ಅಗಲವಾದ ಮೈ. ಕಿಟಕಿಯ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಕೋಣೆಗೆ ಕತ್ತಲು ಬಂತು. ಮಧ್ಯಾಹ್ನ ಊಟಕ್ಕೆ ಎದ್ದರು, ಮತ್ತೆ ಬಂದು ಕೂತರು. ಮರುದಿನವೂ ಕೂತರು. ಮೂವತ್ತೆರಡು ವರ್ಷ ನೆಲಮಾಳಿಗೆಯಲ್ಲಿ ಕೂತವರು ಮೊದಲ ಬಾರಿಗೆ ಬೆಳಕಿನಲ್ಲಿ ಕೂತಿದ್ದರು, ಏಳಿ ಎನ್ನಲು ಗೀಟಣ್ಣನಿಗೆ ಬಾಯಿ ಬರಲಿಲ್ಲ.

ಮೂರನೆಯ ದಿನ ಅವನು ಹಲಗೆಯನ್ನು ಹೊತ್ತುಕೊಂಡು ಕೆಳಗಿಳಿದು ಬಂದ. ಹೆಂಡತಿ ತರಕಾರಿ ಹೆಚ್ಚುತ್ತಿದ್ದಳು.

"ಯಾಕೆ ರೀ, ಮೇಲೆ ಬೆಳಕಿಲ್ವಾ?"

"ಇದೆ. ಅದರ ಮುಂದೆ ಅವರು ಕೂತಿದ್ದಾರೆ."

ಅವಳು ತರಕಾರಿಯನ್ನು ತನ್ನ ಅರ್ಧಕ್ಕೆ ಸರಿಸಿಕೊಂಡು, ಬಲ್ಬಿನ ಸ್ವಿಚ್ಚು ಹಾಕಿದಳು.